ಸಾವಿರ ಮನೆಯ ಗಾಜು

ತಿಂಗಳಿಗೊಮ್ಮೆ ಸಮುದ್ರ
ಮಲ್ಪೆಯಿಂದ ರಾತ್ರಿ ಬಸ್ಸು ಹತ್ತಿ ಬರುತ್ತದೆ.
ಸಂಪಾಜೆಯ ತಿರುವುಗಳಲ್ಲಿ ಕುಲುಕಿ
ಹುಣಸೂರಿನಲ್ಲಿ ಅರೆಗಳಿಗೆ ಕಣ್ಣು ಮುಚ್ಚಿ
ಬೆಳಗಿನ ಆರಕ್ಕೆ ಮೈಸೂರಿನ ಸಬರ್ಬ್ ಸ್ಟ್ಯಾಂಡಿನಲ್ಲಿ
ಒಣಮೀನಿನ ಮೂಟೆಯ ಪಕ್ಕ ಇಳಿಯುತ್ತದೆ:
ಅರ್ಧ ಲೀಟರಿನ ಆರು ಬಾಟಲಿ,
ಅಯೋಡಿನ್ ಕುಡಿದು ಬೆಲ್ಲದ ನೀರಿನ ಬಣ್ಣ.

ರಟ್ಟಿನ ಮೇಲೆ ಸೋಮ ಖಾರ್ವಿಯವರ ಅಕ್ಷರ,
'ಚೆಲುವಾಂಬ ಮೇಡಂ, ಮಾನಸಗಂಗೋತ್ರಿ.'
ನಾನು ಮೇಡಂ ಅಲ್ಲ. ಎಣಿಸುವವಳು.

ಒಂದು ಹಗಲು ಒಂದು ರಾತ್ರಿ ತಳಕ್ಕೆ ಕೂರಲು ಬಿಡುತ್ತೇನೆ.
ಆಮೇಲೆ ಒಂದು ಮಿಲಿಲೀಟರ್, ಒಂದು ಗಾಜಿನ ತಟ್ಟೆ,
ತಟ್ಟೆಯಲ್ಲಿ ಕೊರೆದ ಸಾವಿರ ಮನೆ.
ಅಜ್ಜಿಯ ಚೌಕಾಬಾರದಲ್ಲಿ ಇದ್ದದ್ದು ಇಪ್ಪತ್ತೈದೇ.
ಕವಡೆಯೂ ಕಡಲಿನದೇ ಅಂತ
ಆಗ ಯಾರು ಯೋಚಿಸಿದ್ದರು!

ಕಣ್ಣು ಮಸೂರಕ್ಕೆ, ಹೆಬ್ಬೆರಳು ಎಣಿಕೆಯ ಗುಂಡಿಗೆ.
ಟಿಕ್. ಟಿಕ್.
ದುಂಡಗೆ ಒಂದು, ಅಮ್ಮನ ರಾಗಿ ಜರಡಿಯಂಥದ್ದು.
ಒಂದರ ಕೈ ಒಂದು ಹಿಡಿದು
ಮೈತುಂಬ ಕೂದಲು ನಿಮಿರಿಸಿಕೊಂಡ ಹನ್ನೊಂದು.
ಆ ಮೂರು ಕೊಂಬಿನದು ಇದೆಯಲ್ಲ,
ಸೆರೇಷಿಯಮ್ ಅಂತಿದ್ದೆವು, ಈಗ ಟ್ರೈಪಾಸ್ ಅನ್ನಬೇಕಂತೆ.
ಗಂಡನ ಮನೆಯಲ್ಲಿ ನನಗೂ ಬೇರೆ ಹೆಸರಿಟ್ಟಿದ್ದರು.
ಕೊಂಬು ಹಾಗೇ ಇದೆ.

ಎಣಿಸಿ ಮುಗಿದ ತಟ್ಟೆಯನ್ನು ನಲ್ಲಿಗೆ ಹಿಡಿಯುತ್ತೇನೆ.
ಪಡುವಣ ಕಡಲಿನ ಹನಿ ನಮ್ಮೂರ ಮೋರಿ ಹಿಡಿದು
ಕಾವೇರಿಗೆ ಸೇರಿದರೆ ಸೇರೀತು,
ಮೂಡಣ ಕಡಲಿಗೂ ಹೋದೀತು. ನನಗೆ ಗೊತ್ತಿಲ್ಲ,
ಅಲ್ಲಿ ಎಣಿಸುವವರು ಬೇರೆ.

ಮೊದಲ ದಿನ ಪ್ರೊಫೆಸರು ಕಲಿಸಿದ್ದು ಇಷ್ಟೇ:
ನೋಡಿ, ಕಾಣದಿದ್ದರೆ ಸೊನ್ನೆ ಹಾಕು.
ನೋಡದೇ ಇದ್ದರೆ ಖಾಲಿ ಬಿಡು.
ಎರಡನ್ನೂ ಬೆರೆಸಬೇಡ ತಾಯಿ.

ಖಾಲಿ ಇವೆ, ಇಲ್ಲ ಅನ್ನುವುದಿಲ್ಲ.
ದೊಡ್ಡವನ ಬಾಣಂತನ, ಮೂರು ತಿಂಗಳು.
ದೋಣಿ ಇಳಿಯದ ಎಷ್ಟೋ ಜೂನ್‌ಗಳು.
ಬಾಟಲಿ ಒಡೆದು ಯಾರದೋ ಚಾಪೆ ನೆನೆದದ್ದು ಒಂದು ಸಲ.
ಕಾವೇರಿ ಗಲಾಟೆಗೆ ಬಸ್ಸು ನಿಂತಿತಲ್ಲ,
ಸಿಹಿನೀರಿನ ಜಗಳ ಮುಗಿಯಲಿ ಅಂತ
ಉಪ್ಪುನೀರು ಮಡಿಕೇರಿಯಲ್ಲಿ ಕಾದ ಆ ವಾರ.

'ಕಡಲು ನೋಡಿದ್ದೀರಾ?' ಕೇಳಿದಳು ಸಂಶೋಧನೆಗೆ ಬಂದ ಹುಡುಗಿ.
ಇಲ್ಲಮ್ಮ.
ಒಮ್ಮೆ ಅಯೋಡಿನ್ ಹಾಕಲು ಮರೆತಿದ್ದರು.
ಮುಚ್ಚಳ ತಿರುಗಿಸಿದ್ದೇ ತಡ ಲ್ಯಾಬ್ ತುಂಬ ನಾತ,
ಎಲ್ಲರೂ ಕಿಟಕಿಗೆ ಓಡಿದರು.
ನಾನು ಒಂದು ಗಳಿಗೆ ಅಲ್ಲೇ ನಿಂತಿದ್ದೆ.
ಅಷ್ಟೇ ನಮ್ಮ ಭೇಟಿ.

ಅವಳು ನನ್ನ ಇಪ್ಪತ್ತಾರು ವರ್ಷವನ್ನು
ಪರದೆಯ ಮೇಲೆ ಒಂದು ಗೆರೆ ಮಾಡಿ ತೋರಿಸಿದಳು. ಗೇಣುದ್ದ.
ಜರಡಿಗಳು ಇಳಿಯುತ್ತಿವೆಯಂತೆ,
ಹಸಿರು ತುಂಬಿಕೊಂಡ ಇನ್ನೊಂದು ಏರುತ್ತಿದೆಯಂತೆ.
ಹೆಬ್ಬೆರಳಿಗೆ ಗೊತ್ತಿತ್ತು,
ಯಾರೂ ಕೇಳಿರಲಿಲ್ಲ.

ಈ ಆಗಸ್ಟಿನ ಪೆಟ್ಟಿಗೆಯ ಮೇಲೆ ನನ್ನ ಹೆಸರಿನ 'ಲು'
ಕೊಂಬು ಬೇರೆ ಥರ ಬಾಗಿತ್ತು.
ತಾರೀಖು ಸರಿ, ಆಳ ಸರಿ, ಉಪ್ಪಿನ ಅಂಕಿ ಸರಿ.
ಬಾಟಲಿಗಳ ನಡುವೆ ಮಡಿಸಿದ ಚೀಟಿ:
'ಅಪ್ಪ ಹೋದರು. ದೋಣಿಯಲ್ಲಿ ನಾನೇ ಹೋಗಿದ್ದೆ.
ಗಾಳಿ ಇತ್ತು, ಐದನೆಯ ಬಾಟಲಿ ಸ್ವಲ್ಪ ಕಡಿಮೆ.'

ಪುಸ್ತಕದಲ್ಲಿ 'ತೆಗೆದವರು' ಅನ್ನುವ ಮನೆ.
ಇಷ್ಟು ವರ್ಷ ಸೋ.ಖಾ., ಸೋ.ಖಾ., ಕೆಳಗೆ ಅದೇ ಅದೇ ಅನ್ನುವ ಚುಕ್ಕೆ.
ಪೆನ್ನು ನಿಂತಿತು.
ಸೊನ್ನೆ ಅಲ್ಲ. ಖಾಲಿಯೂ ಅಲ್ಲ.

ಚೀಟಿಯ ನಂಬರಿಗೆ ಫೋನ್ ಮಾಡಿದೆ.
ಹೆಸರೇನಮ್ಮ, ಬರೆದುಕೊಳ್ಳಬೇಕು.
'ಸುಗಂಧಿ.'
ಅವಳ ಮಾತಿನ ಹಿಂದೆ ಏನೋ ಉರುಳುತ್ತಿತ್ತು,
ನಿಂತು ಮತ್ತೆ ಉರುಳುತ್ತಿತ್ತು.
ಅದೇನು ಸದ್ದು, ಅಂದೆ.
'ಯಾವ ಸದ್ದು?' ಅಂದಳು.